‘ಗೊತ್ತಿಲ್ಲ’ ಎಂಬ ಸತ್ಯ

ವೈದ್ಯನಲ್ಲಿಯೂ ವಕೀಲನಲ್ಲಿಯೂ ಸುಳ್ಳು ಹೇಳಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಬುದ್ಧಿವಾದ ರೋಗಿಗೆ ಹೇಳಿದ್ದು. ಆದರೆ ರೋಗಿಯ ಮಾತೇ ನಿಂತುಹೋದಾಗ ಅವನ ಪರವಾಗಿ ವೈದ್ಯನೊಡನೆ ಮಾತನಾಡುವವರು ಯಾರು? ಅವರು ಸತ್ಯವನ್ನೇ ಹೇಳುವಂತಾಗಲು ನಾವು ಮಾಡಿಕೊಡಬೇಕಾದ ಏರ್ಪಾಡು ಯಾವುದು? ಆಂಬುಲೆನ್ಸ್‌ನಲ್ಲಿ ರೋಗಿಯ ವಿವರಗಳನ್ನು ಕಾಗದಕ್ಕೆ ಬದಲಾಗಿ ಟ್ಯಾಬ್‌ನಲ್ಲಿ ದಾಖಲಿಸುವ ಪದ್ಧತಿಯನ್ನು ಕುರಿತು ಯೋಚಿಸುವಾಗ ನನ್ನನ್ನು ಕಾಡುವ ಪ್ರಶ್ನೆ ಇದು.

ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ವೆಂಬ ಹೆಸರಿನ 108 ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಗಾಡಿಯಲ್ಲಿ ಚಾಲಕನಲ್ಲದೆ ರೋಗಿಯ ಆರೈಕೆ ಮಾಡುವ ತಂತ್ರಜ್ಞನೊಬ್ಬನಿರುತ್ತಾನೆ. ನಾಡಿ, ರಕ್ತದೊತ್ತಡಗಳನ್ನು ನೋಡುವುದು, ಏನಾಯಿತೆಂದು ಮನೆಯವರನ್ನು ಕೇಳುವುದು, ಅದನ್ನು ಬರೆದು ಆಸ್ಪತ್ರೆಗೆ ಒಪ್ಪಿಸುವುದು ಅವನ ಕೆಲಸ. ಅವನು ಬರೆದದ್ದೇ ಮಾತಿಲ್ಲದವನ ಬಾಯಿ.

ದಾವಣಗೆರೆ ಜಿಲ್ಲೆಯನ್ನೇ ನೋಡಿ. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ನಕ್ಷೆಯ ಗೆರೆ ಬದಲಾಯಿತೆಂದು ರಸ್ತೆಯ ಉದ್ದ ಬದಲಾಗುತ್ತದೆಯೆ? ಜಗಳೂರಿನ ರೋಗಿಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಾದರೆ, ನ್ಯಾಮತಿಯವನಿಗೆ ಇಂದಿಗೂ ಹತ್ತಿರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ. ಮೊದಲು ತಾಲ್ಲೂಕಿನ ಆಸ್ಪತ್ರೆ, ಅಲ್ಲಿಂದ ಮುಂದಕ್ಕೆ ದೊಡ್ಡ ಆಸ್ಪತ್ರೆ ಎಂದಾದರೆ ಕಾಗದ ಎರಡು ಮೂರು ಕೈ ಬದಲಾಯಿಸಬೇಕು. ಅದು ಮಳೆಯಲ್ಲಿ ನೆನೆಯಬಹುದು, ಕಳೆಯಲೂಬಹುದು. ಟ್ಯಾಬ್‌ನ ದಾಖಲೆಯಾದರೋ ಗಾಡಿಗಿಂತ ಮೊದಲೇ ಆಸ್ಪತ್ರೆಯನ್ನು ಮುಟ್ಟಬಲ್ಲದು. ಅದಕ್ಕೆ ಜಿಲ್ಲೆಯ ಎಲ್ಲೆಯಿಲ್ಲ. ಆದುದರಿಂದ ಅದು ಬೇಡವೆನ್ನುವವರ ಗುಂಪಿನಲ್ಲಿ ನಾನಿಲ್ಲ.

ಆದರೂ ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಜಗಳೂರಿನ ಕಡೆಯ ಒಂದು ಹಳ್ಳಿ. ಬೆಳಿಗ್ಗೆ ಆರು ಗಂಟೆಗೆ ಸೊಸೆ ಅತ್ತೆಯನ್ನು ಎಬ್ಬಿಸಲು ಹೋದರೆ ಅತ್ತೆಯ ಬಾಯಿ ಸೊಟ್ಟಗಾಗಿದೆ, ಬಲಗೈ ಏಳದು, ಮಾತಿಲ್ಲ. ಗಾಡಿ ಬರುತ್ತದೆ. “ಯಾವಾಗಿನಿಂದ ಹೀಗೆ?” “ಗೊತ್ತಿಲ್ಲಪ್ಪ, ರಾತ್ರಿ ಹತ್ತಕ್ಕೆ ಮಲಗುವಾಗ ಚೆನ್ನಾಗಿದ್ದರು.” ಕಾಗದವಾಗಿದ್ದರೆ ತಂತ್ರಜ್ಞ ಈ ಮಾತನ್ನೇ ಬರೆಯುತ್ತಿದ್ದ. ಟ್ಯಾಬ್‌ನ ಪರದೆಯಾದರೋ ಗಂಟೆ, ನಿಮಿಷಗಳನ್ನು ಮಾತ್ರ ಕೇಳುತ್ತದೆ. ಆ ಮನೆಯನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲವೆಂದು ಇಟ್ಟುಕೊಳ್ಳಿ. ಗಾಡಿ ಕುಲುಕುತ್ತಿದೆ, ರೋಗಿ ನರಳುತ್ತಿದ್ದಾಳೆ. ಅವನು ಆರು ಗಂಟೆಯೆಂದು ಒತ್ತಿ ಮುಂದೆ ಸಾಗುತ್ತಾನೆ.

ಪಾರ್ಶ್ವವಾಯುವಿನಲ್ಲಿ ಈ ಒಂದು ಅಂಕಿಗೆ ಪ್ರಾಣದ ಬೆಲೆಯುಂಟು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಮೀರಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ. ಆ ಲೆಕ್ಕ ಶುರುವಾಗುವುದು ರೋಗಿಯನ್ನು ಕಂಡ ಗಳಿಗೆಯಿಂದಲ್ಲ, ಆಕೆ ಚೆನ್ನಾಗಿದ್ದದ್ದನ್ನು ಕೊನೆಯದಾಗಿ ನೋಡಿದ ಗಳಿಗೆಯಿಂದ. ಎಂಟೂವರೆಗೆ ಆಸ್ಪತ್ರೆ ತಲುಪಿದಾಗ ದಾಖಲೆಯ ಪ್ರಕಾರ ಎರಡೂವರೆ ಗಂಟೆಯಾಗಿದೆ. ನಿಜದಲ್ಲಿ ಹತ್ತೂವರೆ ಗಂಟೆಯಾಗಿರಬಹುದು. ಕೈಬರಹದಲ್ಲಾದರೆ ಬರೆದವನ ಅನುಮಾನವಾದರೂ ಕಾಣುತ್ತಿತ್ತು. ಅಚ್ಚಿನಂಥ ಅಕ್ಷರದಲ್ಲಿ ಅದೂ ಮರೆಯಾಯಿತು.

ಇಲ್ಲಿ ಸುಳ್ಳು ಹೇಳಿದವರು ಯಾರು? ತಂತ್ರಜ್ಞನಿಗೆ ಮೋಸದ ಉದ್ದೇಶವಿರಲಿಲ್ಲ. ಯಂತ್ರಕ್ಕೆ ಯಾವ ಉದ್ದೇಶವೂ ಇಲ್ಲ. ಎಲ್ಲ ಪ್ರಶ್ನೆಗೂ ಉತ್ತರ ಇದ್ದೇ ಇರುತ್ತದೆಂದು ದೂರದ ಕೊಠಡಿಯಲ್ಲಿ ಕುಳಿತು ನಿರ್ಧರಿಸಿ ಆ ನಮೂನೆಯನ್ನು ರಚಿಸಿದವರು ಆ ಸುಳ್ಳಿನ ಪಾಲುದಾರರಲ್ಲವೆ?

ಒಳ್ಳೆಯ ವೈದ್ಯರು ಮತ್ತೊಮ್ಮೆ ವಿಚಾರಿಸುತ್ತಾರೆ ಎನ್ನಬಹುದು. ನಿಜ. ಆದರೆ ವಿಚಾರಿಸಲು ಯಾರೂ ಜೊತೆಯಲ್ಲಿಲ್ಲದಾಗಲೇ ಅಲ್ಲವೆ ದಾಖಲೆಯ ಅಗತ್ಯ ಹೆಚ್ಚು? ‘ಗೊತ್ತಿಲ್ಲ’ ಎಂಬ ಮನೆಯಿಟ್ಟರೆ ಸೋಮಾರಿಗಳು ಎಲ್ಲದಕ್ಕೂ ಅದನ್ನೇ ಒತ್ತುತ್ತಾರೆಂಬುದು ಇನ್ನೊಂದು ಆಕ್ಷೇಪಣೆ; ಇದರಲ್ಲಿ ಹುರುಳಿದೆ. ಆದರೆ ‘ಗೊತ್ತಿಲ್ಲ’ಗಳು ಹೆಚ್ಚಾದರೆ ಮೇಲಿನವರ ಕಣ್ಣಿಗೆ ಬೀಳುತ್ತವೆ, ಕೇಳಬಹುದು, ತಿದ್ದಬಹುದು. ಸುಳ್ಳು ಅಂಕಿ ನಿಜವಾದ ಅಂಕಿಗಳ ಸಾಲಿನಲ್ಲಿ ಅವುಗಳ ಉಡುಪಿನಲ್ಲೇ ನಿಂತಿರುತ್ತದೆ. ಅದನ್ನು ಹುಡುಕುವುದು ಹೇಗೆ? ಕಾಣುವ ಅಜ್ಞಾನಕ್ಕೆ ಮದ್ದುಂಟು, ಮರೆಸಿದ ಅಜ್ಞಾನಕ್ಕಿಲ್ಲ.

ಆದುದರಿಂದ ಈ ತಾಲ್ಲೂಕುಗಳ ಗಾಡಿಗಳಲ್ಲಿ ಇಂಥ ದಾಖಲೆ ಬಂದಾಗ ಎಷ್ಟು ಟ್ಯಾಬ್‌ಗಳು ಬಂದವೆಂದು ಕೇಳುವುದಕ್ಕಿಂತ ಮುಂಚೆ ಎರಡು ಮಾತು ಕೇಳೋಣ: ಅದರಲ್ಲಿ ‘ಗೊತ್ತಿಲ್ಲ’ ಎನ್ನಲು ಸ್ಥಳವಿದೆಯೆ? ಸೊಸೆ ಆಡಿದ ಮಾತನ್ನು ಆಡಿದಂತೆಯೇ ಕನ್ನಡದಲ್ಲಿ ಬರೆಯಲು ಒಂದು ಸಾಲಿನ ಜಾಗವಿದೆಯೆ?

ಇಷ್ಟನ್ನು ಹೇಳುವಾಗ ನನಗೆ ಸಂಕೋಚವೂ ಆಗುತ್ತದೆ. ನಾನು ಮೇಷ್ಟರು. ಉತ್ತರ ತಿಳಿಯದಿದ್ದರೂ ಖಾಲಿ ಬಿಡಬೇಡಿ, ಏನನ್ನಾದರೂ ಬರೆದು ಬನ್ನಿ ಎಂದು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು. ಪರೀಕ್ಷೆಯಲ್ಲಿ ಅದರಿಂದ ಅರ್ಧ ಅಂಕ ಸಿಕ್ಕೀತು. ಅದೇ ಹುಡುಗರಲ್ಲಿ ಒಬ್ಬ ಇಂದು ಆ ಗಾಡಿಯಲ್ಲಿ ಕುಳಿತಿದ್ದರೆ, ಅವನಿಗೆ ನಾನು ಕಲಿಸಬೇಕಾಗಿದ್ದದ್ದು ಬೇರೆ ಪಾಠ.