ಬೆಳಕು ಹಾಯದ ಕಿಟಕಿ

ಇಸ್ಪೀಟಿನ ಎಲೆಗೆ ಮೊದಲು ಇರಬೇಕಾದ ಗುಣ ಬೆಳಕನ್ನು ತಡೆಯುವುದು. ಹಿಡಿದವನ ಬೆನ್ನ ಹಿಂದೆ ಎಷ್ಟೇ ದೊಡ್ಡ ದೀಪ ಉರಿಯುತ್ತಿದ್ದರೂ ಅವನ ಕೈಯಲ್ಲಿರುವುದು ರಾಜನೋ ರಾಣಿಯೋ ಎಂಬುದು ಎದುರಿಗೆ ಕೂತವನಿಗೆ ತಿಳಿಯಬಾರದು. ಬಣ್ಣದ ಗಾಜಿನ ಕಿಟಕಿಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಹಿಂದಿನಿಂದ ಬೆಳಕು ಬಾರದಿದ್ದರೆ ಅದು ಚಿತ್ರವೇ ಅಲ್ಲ. ರಾತ್ರಿ ಒಳಗಿನಿಂದ ನೋಡಿದರೆ ಕಪ್ಪು ಗೋಡೆ. ಹೀಗೆ ಒಂದಕ್ಕೊಂದು ಹೊಂದದ ಎರಡು ವಸ್ತುಗಳನ್ನು ಕೂಡಿಸುವ ಕೆಲಸಕ್ಕೆ ಕೆಲವರು ಗಂಟೆಗಟ್ಟಲೆ ತಲೆಬಗ್ಗಿಸಿ ಕೂರುತ್ತಾರೆ, ತುದಿಯಲ್ಲಿ ನಾಲ್ಕೈದು ಎಳೆ ಮಾತ್ರ ಉಳಿದಂತಿರುವ ಕುಂಚ ಹಿಡಿದು.

ಅವರ ಕೈಯಲ್ಲಿರುವುದು 1993ರಲ್ಲಿ ಅಮೆರಿಕದಲ್ಲಿ ಶುರುವಾದ, ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಆಟದ ಕಾರ್ಡು. ಆಡುವವರು ಇವನ್ನು ಕೊಳ್ಳುತ್ತಾರೆ, ಕೂಡಿಡುತ್ತಾರೆ, ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳುತ್ತಾರೆ. ಅಗಲ 63 ಮಿಲಿಮೀಟರ್, ಉದ್ದ 88. ಅದರಲ್ಲೂ ಚಿತ್ರಕ್ಕೆ ಸಿಗುವುದು ಮೇಲಿನ ಅರ್ಧ, ಕೆಳಗೆಲ್ಲ ಅಕ್ಷರ. ಅಚ್ಚಾದ ಚಿತ್ರದ ಮೇಲೆ ಅಕ್ರಿಲಿಕ್ ಬಣ್ಣದಿಂದ ಹೊಸದನ್ನು ಬರೆಯುವುದಕ್ಕೆ ಆ ವಲಯದವರು 'ಆಲ್ಟರ್' ಎನ್ನುತ್ತಾರೆ. ಆಲ್ಟರ್‌ನಲ್ಲಿ ನೂರು ಬಗೆ. ಅದರಲ್ಲಿ ಒಂದು, ಚಿತ್ರವನ್ನು ತುಂಡುತುಂಡಾಗಿ ಒಡೆದು, ತುಂಡುಗಳ ನಡುವೆ ಕಪ್ಪು ಗೆರೆ ಎಳೆದು, ಇಡೀ ಕಾರ್ಡನ್ನು ಚರ್ಚಿನ ಕಿಟಕಿಯಂತೆ ಮಾಡುವುದು. 2022ರ 'ಡಾಮಿನೇರಿಯಾ ಯುನೈಟೆಡ್' ಸರಣಿಯಲ್ಲಿ ಆಟದ ಕಂಪನಿಯೇ ಕೆಲವು ಕಾರ್ಡುಗಳನ್ನು ಈ ಶೈಲಿಯಲ್ಲಿ ಅಚ್ಚುಹಾಕಿತು. ಅಚ್ಚಿನವು ನೋಡಲು ಸೊಗಸಾಗಿಯೇ ಇವೆ. ಆದರೆ ನನ್ನ ಕುತೂಹಲವಿರುವುದು ಕೈಯಲ್ಲಿ ಬರೆದವುಗಳ ಬಗ್ಗೆ.

ಆ ಕಪ್ಪು ಗೆರೆ ಅಲ್ಲಿ ಏನು ಮಾಡುತ್ತಿದೆ?

ಕಿಟಕಿಯಲ್ಲಿ ಅದಕ್ಕೆ ಕೆಲಸವಿತ್ತು. ಮಧ್ಯಯುಗದ ಯುರೋಪಿನಲ್ಲಿ ದೊಡ್ಡ ಹಾಳೆಯಂಥ ಬಣ್ಣದ ಗಾಜು ಮಾಡಲು ಬರುತ್ತಿರಲಿಲ್ಲ. ಕೋಬಾಲ್ಟಿನ ನೀಲಿ, ತಾಮ್ರದ ಕೆಂಪು, ಒಂದೊಂದು ಬಣ್ಣಕ್ಕೆ ಒಂದೊಂದು ಚೂರು. ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿ, ಸಂದುಗಳಿಗೆ ಬೆಸುಗೆ ಹಾಕಿ ಹಿಡಿದಿಡಬೇಕಿತ್ತು. ಪ್ಯಾರಿಸ್ಸಿನ ಸೇಂತ್ ಶಾಪೆಲ್ 1248ರಲ್ಲಿ ಪೂಜೆಗೆ ತೆರೆದುಕೊಂಡಾಗ ಅದರ ಹದಿನೈದು ಕಿಟಕಿಗಳು ನೆಲ ಬಿಟ್ಟೆದ್ದು ಸೂರಿನವರೆಗೂ ಹೋಗಿದ್ದವು. ಗಾಜನ್ನು ಗಾಜಿಗೆ ಹಿಡಿದಿಟ್ಟಿದ್ದು ಈ ಸೀಸ. ಚಿತ್ರಕಾರ ತನಗೆ ಬೇಕಾದಲ್ಲಿ ಗೆರೆ ಎಳೆದದ್ದಲ್ಲ, ಗಾಜು ತುಂಡಾಗುವಲ್ಲಿ ಗೆರೆ ಬಂತು. ಜಾಣ ಕಸುಬುದಾರ ಆ ಗೆರೆ ಮಡಿಲಿನ ಅಂಚಿಗೋ ತೋಳಿನ ಬಾಗಿಗೋ ಬೀಳುವಂತೆ ನೋಡಿಕೊಂಡ, ಅಷ್ಟೆ.

ಕಾರ್ಡಿನಲ್ಲಿ ಗಾಜಿಲ್ಲ, ಭಾರವಿಲ್ಲ, ಬೆಸುಗೆಯಿಲ್ಲ. ಗೆರೆ ಅಳಿಸಿದರೆ ಏನೂ ಬಿದ್ದುಹೋಗುವುದಿಲ್ಲ. ಹಾಗಾದರೆ ಇದು ಬರೀ ಸೋಗೇ? ಹಾಗೆಂದು ತೀರ್ಪು ಕೊಟ್ಟು ಮುಗಿಸುವ ಮೊದಲು ಐಹೊಳೆಯ ಲಾಡ್‌ಖಾನ್ ಗುಡಿಯ ಮಾಡನ್ನು ನೆನೆಯಬೇಕು. ಅಲ್ಲಿ ಇಳಿಜಾರಿನ ಕಲ್ಲುಚಪ್ಪಡಿಗಳ ಸಂದಿನ ಮೇಲೆ ಮರದ ದಿಮ್ಮಿಯಂತೆ ಕಾಣುವ ಕಲ್ಲಿನ ಪಟ್ಟಿಗಳಿವೆ. ಮರದ ಮನೆ ಕಟ್ಟಿ ಪಳಗಿದ ಕೈ ಕಲ್ಲಿಗೆ ಬಂದಾಗ ಹಳೆಯ ರೂಪವನ್ನು ಬಿಟ್ಟುಕೊಡಲಿಲ್ಲ. ಆದರೆ ಆ ಕಲ್ಲಿನ ದಿಮ್ಮಿಗಳು ಸುಮ್ಮನೆ ಕೂತಿಲ್ಲ. ಸಂದಿನಿಂದ ಮಳೆನೀರು ಇಳಿಯದಂತೆ ಕಾಯುತ್ತಿವೆ. ಹಳೆಯ ಕೆಲಸ ತಪ್ಪಿದ ರೂಪ ಹೊಸ ಕಡೆ ಚಾಕರಿಗೆ ಸೇರಿಕೊಂಡಿದೆ.

ಕಾರ್ಡಿನ ಗೆರೆಗೂ ಹಾಗೊಂದು ಚಾಕರಿ ಸಿಕ್ಕಿದೆ. ಕಪ್ಪಿನ ಪಕ್ಕದಲ್ಲಿಟ್ಟ ಕೆಂಪು, ಬಿಳಿಯ ಪಕ್ಕದ ಕೆಂಪಿಗಿಂತ ಹೆಚ್ಚು ಉರಿಯುತ್ತದೆ. ಕಾಗದಕ್ಕೆ ಬೆನ್ನ ಹಿಂದೆ ಸೂರ್ಯನಿಲ್ಲವಾದ್ದರಿಂದ ಹೊಳಪನ್ನು ಕಣ್ಣಿನೊಳಗೇ ಹುಟ್ಟಿಸಬೇಕು. ಅದಕ್ಕೇ ಬಲ್ಲವರು ಒಂದೊಂದು ಚೂರಿನ ನಡುವೆ ಬಣ್ಣ ತೆಳುಮಾಡಿ, ಅಂಚಿಗೆ ಬರುತ್ತ ಗಾಢಗೊಳಿಸಿ, ಆಮೇಲೆ ಕಪ್ಪಿನಿಂದ ಕಟ್ಟು ಹಾಕುತ್ತಾರೆ. ಕಿಟಕಿಯಲ್ಲಿ ಗಾಜನ್ನು ಹಿಡಿದಿದ್ದ ಗೆರೆ ಇಲ್ಲಿ ಇಲ್ಲದ ಬೆಳಕನ್ನು ಹಿಡಿದಿದೆ. ಹೊಳೆಯುವ ಫಾಯಿಲ್ ಕಾರ್ಡು ತೆಗೆದುಕೊಂಡು, ಅಚ್ಚಿನ ಶಾಯಿಯನ್ನು ಅಸಿಟೋನಿನಿಂದ ಒರೆಸಿ, ಒಳಗಿನ ಮಿನುಗುಹಾಳೆಯ ಮೇಲೆ ಪಾರದರ್ಶಕ ಬಣ್ಣ ಹಚ್ಚುವವರೂ ಇದ್ದಾರೆ. ಕಾರ್ಡು ತುಸು ಅಲುಗಿದರೆ ಸಾಕು, ಬಣ್ಣದ ಹಿಂದಿನಿಂದಲೇ ಬೆಳಕು ಎದ್ದು ಬರುತ್ತದೆ. ನನಗೆ ಇದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ಕಣ್ಣು ಮಾಡಬೇಕಾದ ಕೆಲಸವನ್ನು ಫಾಯಿಲ್ ಮಾಡಿಬಿಡುತ್ತದೆ.

ಒಂದು ತಮಾಷೆಯಿದೆ. ಈ ಕಾರ್ಡು ಅಸಲಿಯೋ ನಕಲಿಯೋ ಎಂದು ನೋಡುವ ಹಳೆಯ ಉಪಾಯವೂ ಬೆಳಕೇ. ಎರಡು ಪದರದ ನಡುವೆ ನೀಲಿ ಅಂಟಿನ ತೆಳು ಪದರವಿರುತ್ತದೆ. ಹಿಂದಿನಿಂದ ಟಾರ್ಚ್ ಹಿಡಿದರೆ ಅಸಲಿ ಕಾರ್ಡು ಇಂತಿಷ್ಟೇ ಬೆಳಕು ಬಿಡುತ್ತದೆ. ಕಿಟಕಿ ಬರೆಸಿಕೊಂಡ ಕಾರ್ಡಿನ ಮೇಲೆ ಬಣ್ಣದ ಪದರ ಕೂತಿರುವುದರಿಂದ ಅದರಿಂದ ಬರುವ ಬೆಳಕು ಮೊದಲಿಗಿಂತ ಕಡಿಮೆ!

ಹಾಗೆಂದು ಎಷ್ಟು ಬೇಕಾದರೂ ಬಣ್ಣ ಹಚ್ಚುವಂತಿಲ್ಲ. ಪಂದ್ಯಕ್ಕೆ ಒಯ್ಯುವುದಾದರೆ ಕಾರ್ಡಿನ ಹೆಸರೂ ಅದನ್ನು ಹೂಡಲು ತೆರಬೇಕಾದ ಬೆಲೆಯ ಗುರುತೂ ಕಾಣಬೇಕು. ಯಾವ ಕಾರ್ಡೆಂದು ಗುರುತು ಸಿಗಬೇಕು. ದಪ್ಪ ಹೆಚ್ಚಿರಬಾರದು, ಹೆಚ್ಚಿದ್ದರೆ ಕಟ್ಟಿನಲ್ಲಿ ಅದೆಲ್ಲಿದೆಯೆಂದು ಬೆರಳಿಗೆ ಗೊತ್ತಾಗುತ್ತದೆ. ಕೊನೆಯ ಮಾತು ಮುಖ್ಯ ತೀರ್ಪುಗಾರರದು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟ ಕಟ್ಟಿದ ಮೈಸೂರಿನ ಗಂಜೀಫಾ ಎಲೆಗಳಿಗೂ ಇದೇ ಧರ್ಮಸಂಕಟ: ಮುಂದೆ ಎಷ್ಟು ಚೆಲುವಿದ್ದರೂ ಬೆನ್ನು ಎಲ್ಲದಕ್ಕೂ ಒಂದೇ. ಕಣ್ಣಿಗೆ ತುಂಬ ಕಾಣಬೇಕು, ಬೆರಳಿಗೆ ಏನೂ ಸಿಗಬಾರದು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಈ ಕಷ್ಟ ಯಾರೂ ಕೊಡುವುದಿಲ್ಲ. ನನಗೆ ಈ ಕಲೆಯ ಬಗ್ಗೆ ಗೌರವ ಹುಟ್ಟಿದ್ದು ಚಿತ್ರಗಳನ್ನು ನೋಡಿಯಲ್ಲ, ಈ ನಿಯಮ ಕೇಳಿ.

ಆದರೂ ಒಂದು ಕೊರತೆ ಕಾಣುತ್ತದೆ. ಹಳೆಯ ಕಿಟಕಿಗಳಲ್ಲಿ ಯಾರೂ ಬರೆಯದ ಗೆರೆಗಳಿರುತ್ತವೆ. ಗಾಜು ಬಿರಿದಾಗ ರಿಪೇರಿ ಮಾಡಿದವರು ಬಿರುಕಿನ ಗುಂಟ ಹೊಸ ಸೀಸ ಕೂರಿಸಿಬಿಡುತ್ತಿದ್ದರು. ಹಾಗಾಗಿ ಸಂತನೊಬ್ಬನ ಕೆನ್ನೆಯ ಮೇಲೆ ಅರ್ಥವಿಲ್ಲದ ಓರೆಗೆರೆ. ಕಾರ್ಡಿನಲ್ಲಿ ಬರುವ ಗೆರೆಗಳೆಲ್ಲ ಅರ್ಥವುಳ್ಳವೇ, ಎಲ್ಲವೂ ಯೋಚಿಸಿದವೇ. ಮುಖದ ನಡುವೆ ಅಂಥದೊಂದು ಬಿರುಕನ್ನು ಬೇಕೆಂದೇ ಬರೆಯುವವರು ಸಿಕ್ಕಿದರೆ ಆ ಕಾರ್ಡನ್ನು ನಾನು ಕೊಳ್ಳುತ್ತೇನೆ, ಆಟ ಆಡಲು ಬಾರದಿದ್ದರೂ.