ನಡುವಿನ ಗಾಯಕಿ

ಎರಡು ಸ್ಪೀಕರುಗಳನ್ನೂ ಕೇಳುಗರನ್ನೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿಟ್ಟರೆ, ಗಾಯಕಿಯ ದನಿ ಏನೂ ಇಲ್ಲದ ನಡುಜಾಗದಿಂದ ಕೇಳುತ್ತದೆ. ಅಲನ್ ಬ್ಲಮ್ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸ್ಟೀರಿಯೊ ನೆಚ್ಚಿಕೊಂಡದ್ದು ಕಿವಿಯ ಈ ಗುಣವನ್ನೇ. ಹಾಗಾದರೆ ಆಕೆ ಬರಿಯ ಭ್ರಮೆಯೇ? ಹಗ್ಗವನ್ನು ಹಾವೆಂದು ಭ್ರಮಿಸಿದಾಗ, ಹಗ್ಗವೆಂದು ತಿಳಿದೊಡನೆ ಹಾವು ಇಲ್ಲವಾಗುತ್ತದೆ. ಇಲ್ಲಿ ಎಷ್ಟು ತಿಳಿದರೂ ಗಾಯಕಿ ಕದಲುವುದಿಲ್ಲ. ದಾಸವಾಳದ ಪಕ್ಕದ ಸ್ಫಟಿಕ ಕೆಂಪಾಗಿ ಕಾಣುವುದೂ ತಿಳಿವಿನಿಂದ ನಿಲ್ಲದು, ವೇದಾಂತಿಗಳು ಅದನ್ನೂ ಭ್ರಮೆಯೆಂದೇ ಕರೆದರಲ್ಲ ಎಂದು ಆಕ್ಷೇಪಿಸಬಹುದು. ಗಟ್ಟಿಯಾದ ಆಕ್ಷೇಪವೇ. ಆದರೆ ಸ್ಫಟಿಕಕ್ಕೆ ಆ ಕೆಂಪು ಹೊರಗಿನದು. ಈ ದನಿಗೆ ನಡುಜಾಗ ಹೊರಗಿನದಲ್ಲ, ಎರಡೂ ಚಾನೆಲ್‌ಗಳಿಗೆ ಸಮನಾಗಿ ಹಂಚಿದಾಗಲೇ ಅದು ಧ್ವನಿಮುದ್ರಣದೊಳಗೆ ಸೇರಿದೆ. ಆಕೆ ಪೆಟ್ಟಿಗೆಯಲ್ಲೂ ಇಲ್ಲ, ನಮ್ಮ ತಲೆಯಲ್ಲಷ್ಟೇ ಇಲ್ಲ. ಮೂರು ಬಿಂದುಗಳ ಸಂಬಂಧದಲ್ಲಿ ನಿಜವಾಗಿಯೂ ಇದ್ದಾಳೆ ಎಂಬುದು ನನ್ನ ವಾದ. ಕುರ್ಚಿಯನ್ನು ಒಂದಡಿ ಎಡಕ್ಕೆ ಸರಿಸಿದರೆ ಎಡ ಸ್ಪೀಕರಿನ ಶಬ್ದ ಮೊದಲು ತಲುಪಿ, ಯಾರು ಕೂತಿದ್ದರೂ ಆಕೆ ಎಡಕ್ಕೇ ಸರಿಯುತ್ತಾಳೆ.