ಬೇಡ ಎನ್ನುವ ಹಕ್ಕು ಎಲ್ಲಿಯವರೆಗೆ?

ಒಬಾಮ 2010ರಲ್ಲಿ ಸಹಿ ಹಾಕಿದ ಆರೋಗ್ಯ ಕಾನೂನು ಬಹುಪಾಲು ಅಮೆರಿಕನ್ನರಿಗೆ ವಿಮೆ ಮಾಡಿಸಿ, ಇಲ್ಲವೇ ದಂಡ ಕಟ್ಟಿ ಎಂದಿತು. ಅದೇ ವರ್ಷ ಅರಿಜೋನ, ಒಕ್ಲಹೋಮ, ಮರುವರ್ಷ ಒಹಾಯೊ, 2012ರಲ್ಲಿ ಅಲಬಾಮ, ವಯೋಮಿಂಗ್ ರಾಜ್ಯಗಳ ಮತದಾರರು ಇಂಥ ಬಲವಂತ ಕೂಡದೆಂದು ತಮ್ಮ ಸಂವಿಧಾನಕ್ಕೇ ತಿದ್ದುಪಡಿ ತಂದರು. ಒಕ್ಕೂಟದ ಕಾನೂನಿನೆದುರು ರಾಜ್ಯದ ಸಂವಿಧಾನ ನಿಲ್ಲದು. ಆ ಮಟ್ಟಿಗೆ ಇದು ಬರೀ ಪ್ರತಿಭಟನೆ. ಆದರೆ ಈ ತಿದ್ದುಪಡಿಗಳು ಎರಡು ಬೇರೆ ಬೇರೆ ಹಕ್ಕುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದವು: ನನ್ನ ಮೈಗೆ ಈ ಚಿಕಿತ್ಸೆ ಬೇಡ ಎನ್ನುವುದು ಒಂದು, ಎಲ್ಲರ ಕಾಯಿಲೆಯ ಖರ್ಚಿಗೆ ಪಾಲು ಕೊಡಲಾರೆ ಎನ್ನುವುದು ಇನ್ನೊಂದು. ಮೊದಲನೆಯದು ಅಂತಃಸಾಕ್ಷಿಯ ಮಾತು. ಎರಡನೆಯದಕ್ಕೂ ಅದೇ ಗೌರವ ಸಲ್ಲಬೇಕೆಂದು ನನಗನ್ನಿಸುವುದಿಲ್ಲ.

ಗಟ್ಟಿಮುಟ್ಟಾದ ಯುವಕನೊಬ್ಬ ತನಗೆ ಬೇಡದ್ದನ್ನು ಯಾಕೆ ಕೊಳ್ಳಬೇಕು ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ 1986ರ ಕಾನೂನಿನಂತೆ ಅಲ್ಲಿನ ಆಸ್ಪತ್ರೆಗಳ ತುರ್ತು ವಿಭಾಗ ಕಾಸಿಲ್ಲದವನನ್ನೂ ನೋಡದೆ ಸಾಗಹಾಕುವಂತಿಲ್ಲ. ಅಪಘಾತವಾದ ರಾತ್ರಿ ಆ ಯುವಕನೂ ಅಲ್ಲಿಗೇ ಬರುತ್ತಾನೆ. ಬಿಲ್ಲು ಬೇರೆಯವರ ತಲೆಗೆ. ಹೊರಗುಳಿದೆ ಎಂದುಕೊಂಡವನು ನಿಜಕ್ಕೂ ಹೊರಗಿಲ್ಲ. ನಿಜವಾಗಿ ಹೊರಗುಳಿಯುವುದು ಹೇಗೆಂದು ಆಮಿಶರನ್ನು ನೋಡಿ ತಿಳಿಯಬೇಕು. ಮುದುಕರನ್ನೂ ರೋಗಿಗಳನ್ನೂ ನೋಡಿಕೊಳ್ಳುವುದು ತಮ್ಮ ಸಭೆಯ ಧರ್ಮ ಎನ್ನುವ ಈ ಕ್ರೈಸ್ತ ಪಂಗಡಕ್ಕೆ ಸರ್ಕಾರಿ ವಿಮೆಯೆಂದರೆ ದೇವರಲ್ಲಿ ನಂಬಿಕೆ ಸಾಲದೆಂಬಂತೆ. 1961ರಲ್ಲಿ ಪೆನ್ಸಿಲ್ವೇನಿಯದ ಆಮಿಶ ರೈತ ವ್ಯಾಲೆಂಟೈನ್ ಬೈಲರ್ ಸಾಮಾಜಿಕ ಭದ್ರತೆಯ ತೆರಿಗೆ ಕಟ್ಟಲೊಲ್ಲದಿದ್ದಾಗ, ಅಧಿಕಾರಿಗಳು ಅವನು ಹೊಲ ಉಳುತ್ತಿದ್ದಲ್ಲಿಗೇ ಬಂದು ಮೂರು ಕುದುರೆ ಬಿಚ್ಚಿಕೊಂಡು ಹೋಗಿ ಹರಾಜು ಹಾಕಿದರು. 1965ರಲ್ಲಿ ಆಮಿಶರಿಗೆ ಆ ತೆರಿಗೆಯಿಂದ ವಿನಾಯಿತಿ ಸಿಕ್ಕಿತು, ಆದರೆ ಸಾಮಾಜಿಕ ಭದ್ರತೆಯ ಸೌಲಭ್ಯವನ್ನೂ ಬಿಟ್ಟುಕೊಡಬೇಕೆಂಬ ಷರತ್ತಿನ ಮೇಲೆ. 2010ರ ಕಾನೂನೂ ಅವರನ್ನು ಬಿಟ್ಟಿತು. ಹಾಗಾದರೆ ಅಂತಃಸಾಕ್ಷಿಗೆ ಪಂಗಡವೊಂದರ ಶಿಫಾರಸು ಬೇಕೇ, ಒಂಟಿ ಮನುಷ್ಯನಿಗೆ ಅದಿಲ್ಲವೇ ಎಂದು ಕೇಳಬಹುದು. ಇದೆ. ಅವನೂ ಅದೇ ಷರತ್ತಿಗೆ ಒಪ್ಪಲಿ ಎಂದುಬಿಡಬಹುದಿತ್ತು. ತೊಡಕೆಂದರೆ, ಆಮಿಶನ ಹಿಂದೆ ಅವನ ಸಭೆಯಿದೆ, ಒಂಟಿಯವನ ಹಿಂದೆ ಯಾರೂ ಇಲ್ಲ; ಒಪ್ಪಿದ್ದಾನೆಂದು ಅವನನ್ನು ಆಸ್ಪತ್ರೆಯ ಬಾಗಿಲಲ್ಲಿ ಸಾಯಬಿಡಲು ಯಾವ ಸಮಾಜಕ್ಕೂ ಮನಸ್ಸು ಬಾರದು. ಬಿಡಲಾರೆವು ಎಂದಮೇಲೆ ಪಾಲು ಕೇಳುವುದು ದಬ್ಬಾಳಿಕೆ ಹೇಗಾದೀತು?

ದಂಡವನ್ನು 2019ರಿಂದ ಸೊನ್ನೆಗಿಳಿಸಿದ ಮೇಲೆ ಹಣದ ಜಗಳಕ್ಕೆ ಕಾರಣವೇ ಉಳಿಯಲಿಲ್ಲ. ಮೈಯ ಮೇಲಿನ ಹಕ್ಕು ಮಾತ್ರ ಬರೆದವರ ಕೈಮೀರಿ ಬೆಳೆಯಿತು. ವಯಸ್ಕರು ತಮ್ಮ ಆರೋಗ್ಯದ ತೀರ್ಮಾನವನ್ನು ತಾವೇ ಮಾಡಬಹುದೆಂಬ ವಯೋಮಿಂಗ್ ತಿದ್ದುಪಡಿಯನ್ನೇ ಹಿಡಿದು ಅಲ್ಲಿನ ಮಹಿಳೆಯರೂ ವೈದ್ಯರೂ ಗರ್ಭಪಾತ ನಿಷೇಧವನ್ನು ಪ್ರಶ್ನಿಸಿದರು. ಗರ್ಭಪಾತ ಆರೋಗ್ಯಸೇವೆಯೇ ಅಲ್ಲವೆಂದು ಸರ್ಕಾರ ವಾದಿಸಿತು. 2024ರ ನವೆಂಬರಿನಲ್ಲಿ ಜಿಲ್ಲಾ ನ್ಯಾಯಾಲಯ ಅದನ್ನು ಒಪ್ಪದೆ ನಿಷೇಧವನ್ನು ತಳ್ಳಿಹಾಕಿತು.